ಮೂಗಿನ ಆಪರೇಶನ್: ಹೊಸ ಮೂಗು ಕಾಣಲು ಒಂದು ವರ್ಷ ಯಾಕೆ ಬೇಕು?

ಮೂಗಿನ ಆಕಾರ ಬದಲಿಸುವ ಆಪರೇಶನ್ ಆಗಿ ವಾರವಾದ ಮೇಲೆ ಮೇಲಿನ ಗಟ್ಟಿ ಪಟ್ಟಿಯನ್ನು ಬಿಚ್ಚುತ್ತಾರೆ. ಕೈಗೆ ಕನ್ನಡಿ ಕೊಡುತ್ತಾರೆ. ಆ ಗಳಿಗೆಯಲ್ಲಿ ಖುಷಿಗಿಂತ ಗಾಬರಿಯಾಗುವವರೇ ಹೆಚ್ಚು. ಮೂಗು ಮೊದಲಿಗಿಂತ ದಪ್ಪ ಕಾಣುತ್ತದೆ. ತುದಿ ಬೇಕಾದ್ದಕ್ಕಿಂತ ಮೇಲಕ್ಕೆ ಎದ್ದಿರುತ್ತದೆ. ಕಣ್ಣಿನ ಕೆಳಗೆ ಹಳದಿ, ನೀಲಿ ಕಲೆಗಳು. ಇಷ್ಟು ದುಡ್ಡು ಸುರಿದು ಇದನ್ನಾ ಮಾಡಿಸಿಕೊಂಡಿದ್ದು ಅಂತ ಅನ್ನಿಸಿಬಿಡುತ್ತದೆ.

ಆದರೆ ಆ ದಿನ ಕಾಣುವುದು ಹೆಚ್ಚಾಗಿ ಊತ. ನಿಜವಾದ ಮೂಗು ಅದರ ಕೆಳಗಿದೆ. ಅದು ಪೂರ್ತಿ ಹೊರಗೆ ಬರಲು ಸುಮಾರು ಒಂದು ವರ್ಷ ಬೇಕು. ಚರ್ಮ ದಪ್ಪ ಇದ್ದವರಿಗೆ ಒಂದೂವರೆ ವರ್ಷವೂ ಆಗಬಹುದು. ರೈನೋಪ್ಲಾಸ್ಟಿ ಎನ್ನುವ ಈ ಶಸ್ತ್ರಚಿಕಿತ್ಸೆಯ ಬಗ್ಗೆ ಮೊದಲು ತಿಳಿಯಬೇಕಾದ ಸಂಗತಿ ಇದೇ. ಜಾಹೀರಾತುಗಳಲ್ಲಿ ಆಪರೇಶನ್‌ಗೆ ಮೊದಲಿನದು, ಆಮೇಲಿನದು ಎಂದು ಎರಡೇ ಫೋಟೊ ಇರುತ್ತವೆ. ನಡುವಿನ ಆ ವರ್ಷವನ್ನು ಯಾರೂ ತೋರಿಸುವುದಿಲ್ಲ.

ಯಾಕೆ ಇಷ್ಟು ಸಮಯ ಬೇಕು ಎಂದು ತಿಳಿಯಲು ಮೂಗಿನ ಒಳಗೆ ಏನಿದೆ ನೋಡೋಣ.

ಬೆರಳಿನಿಂದ ನಿಮ್ಮ ಮೂಗನ್ನೇ ಒತ್ತಿ ನೋಡಿ. ಕಣ್ಣುಗಳ ನಡುವಿನಿಂದ ಕೆಳಗೆ ಬಂದಂತೆ ಸುಮಾರು ಮೂರನೇ ಒಂದು ಭಾಗ ಗಟ್ಟಿಯಾಗಿದೆ. ಅದು ಮೂಳೆ. ಅಲ್ಲಿಂದ ಕೆಳಗೆ ಒತ್ತಿದರೆ ಬಾಗುತ್ತದೆ. ಅದು ಮೆದುಮೂಳೆ, ಕಿವಿಯಲ್ಲಿ ಇರುವಂಥದ್ದೇ. ಮೂಗಿನ ನಡುಭಾಗಕ್ಕೆ ಒಂದು ಜೊತೆ ಮೆದುಮೂಳೆ, ತುದಿಗೆ ಇನ್ನೊಂದು ಜೊತೆ. ತುದಿಯವು ಬಾಗಿ ನಿಂತು ಹೊಳ್ಳೆಗಳಿಗೆ ಆಕಾರ ಕೊಡುತ್ತವೆ. ಎರಡು ಹೊಳ್ಳೆಗಳ ಮಧ್ಯೆ ಒಂದು ಗೋಡೆ. ಅದರ ಮುಂಭಾಗ ಮೆದುಮೂಳೆ, ಹಿಂಭಾಗ ಮೂಳೆ. "ಮೂಗಿನ ಮೂಳೆ ಸೊಟ್ಟಗಿದೆ" ಎಂದು ಇಎನ್‌ಟಿ ಡಾಕ್ಟರು ಹೇಳುವುದು ಈ ನಡುಗೋಡೆಯನ್ನೇ.

ಇದೆಲ್ಲದರ ಮೇಲೆ ಚರ್ಮ. ಡಾಕ್ಟರು ಕೆಲಸ ಮಾಡುವುದು ಒಳಗಿನ ಚೌಕಟ್ಟಿನ ಮೇಲೆ. ನಾವು ನೋಡುವುದು ಮೇಲಿನ ಚರ್ಮವನ್ನು. ಕುರ್ಚಿಯ ಮೇಲೆ ತೆಳು ಸೀರೆ ಹೊದಿಸಿದರೆ ಅದರ ಒಂದೊಂದು ಮೂಲೆಯೂ ಕಾಣುತ್ತದೆ, ಕಂಬಳಿ ಹೊದಿಸಿದರೆ ಕೆಳಗಿರುವುದು ಕುರ್ಚಿಯೋ ಮೂಟೆಯೋ ಗೊತ್ತಾಗುವುದಿಲ್ಲ. ಚರ್ಮದ ಕಥೆಯೂ ಹಾಗೆಯೇ. ತೆಳು ಚರ್ಮದವರಿಗೆ ಫಲಿತಾಂಶ ಬೇಗ ಕಾಣುತ್ತದೆ, ಆದರೆ ಒಳಗಿನ ಸಣ್ಣ ಏರುಪೇರೂ ಎದ್ದು ಕಾಣುತ್ತದೆ. ದಪ್ಪ ಚರ್ಮ ಸಣ್ಣಪುಟ್ಟ ಕೊರತೆಗಳನ್ನು ಮುಚ್ಚುತ್ತದೆ, ಆದರೆ ಡಾಕ್ಟರು ಕಷ್ಟಪಟ್ಟು ಚೂಪು ಮಾಡಿದ ತುದಿಯನ್ನೂ ಮುಚ್ಚಿಬಿಡುತ್ತದೆ.

ನಮ್ಮ ಕಡೆಯ ಮೂಗುಗಳಲ್ಲಿ ತುದಿಯ ಚರ್ಮ ಸ್ವಲ್ಪ ದಪ್ಪ, ಮೆದುಮೂಳೆ ಸ್ವಲ್ಪ ಮೆತ್ತಗೆ, ಬುಡ ಸ್ವಲ್ಪ ಅಗಲ ಇರುವುದು ಸಾಮಾನ್ಯ. ಹಾಗಾಗಿ ಯಾವುದೋ ವಿದೇಶಿ ನಟಿಯ ಫೋಟೊ ತೋರಿಸಿ "ಹೀಗೇ ಬೇಕು" ಎಂದರೆ ಪ್ರಾಮಾಣಿಕ ಡಾಕ್ಟರು ಆಗುವುದಿಲ್ಲ ಎನ್ನುತ್ತಾರೆ. ಆ ಮೂಗು ಆ ಚರ್ಮದ ಮೇಲೆ ಆ ಮುಖಕ್ಕೆ ಬಂದದ್ದು. ಮೆತ್ತಗಿನ ಮೆದುಮೂಳೆ ಇರುವವರಲ್ಲಿ ಕತ್ತರಿಸಿ ಸಣ್ಣ ಮಾಡುವುದಕ್ಕಿಂತ ಒಳಗೆ ಆಧಾರ ಕೊಟ್ಟು ಎತ್ತರಿಸುವ ಕೆಲಸವೇ ಜಾಸ್ತಿ. ಮೂಗು ಸಣ್ಣ ಕಾಣಲಿ ಎಂದು ಒಳಗೆ ಸೇರಿಸುವುದು! ಕೇಳಲು ವಿಚಿತ್ರ. ಆದರೆ ತುದಿ ಸರಿಯಾಗಿ ಎದ್ದು ನಿಂತರೆ ಅಗಲ ಕಡಿಮೆಯಾದಂತೆ ಕಾಣುತ್ತದೆ.

ಒಳಗೆ ಏನು ಮಾಡುತ್ತಾರೆ?

ಎರಡು ದಾರಿಗಳಿವೆ. ಒಂದರಲ್ಲಿ ಎಲ್ಲ ಗಾಯವೂ ಹೊಳ್ಳೆಯ ಒಳಗೇ. ಅಮೆರಿಕದ ಜಾನ್ ಒರ್ಲ್ಯಾಂಡೊ ರೋ ಎಂಬ ಡಾಕ್ಟರು 1887ರಲ್ಲೇ ಹೊಳ್ಳೆಯ ಒಳಗಿನಿಂದ ಮೂಗಿನ ತುದಿ ತಿದ್ದುವ ವಿಧಾನವನ್ನು ಪ್ರಕಟಿಸಿದ್ದರು. ಇನ್ನೊಂದರಲ್ಲಿ ಎರಡು ಹೊಳ್ಳೆಗಳ ನಡುವಿನ ಸಣ್ಣ ಕಂಬದಂಥ ಜಾಗದಲ್ಲಿ ಅಡ್ಡಕ್ಕೆ ಚಿಕ್ಕದಾಗಿ ಕೊಯ್ದು, ಚರ್ಮವನ್ನು ಮೇಲಕ್ಕೆ ಎತ್ತಿ, ಎಲ್ಲವನ್ನೂ ಕಣ್ಣಾರೆ ನೋಡಿ ಕೆಲಸ ಮಾಡುತ್ತಾರೆ. ಇದಕ್ಕೆ ಓಪನ್ ವಿಧಾನ ಎನ್ನುತ್ತಾರೆ. ಕಲೆ ಉಳಿಯುತ್ತದೆ, ಆದರೆ ಕೆಲವು ತಿಂಗಳಲ್ಲಿ ಹತ್ತಿರ ಬಂದು ಹುಡುಕಿದರೆ ಮಾತ್ರ ಕಾಣುವಷ್ಟಾಗುತ್ತದೆ. ಯಾವ ದಾರಿ ಎನ್ನುವುದು ನಿಮ್ಮ ಮೂಗು ಮತ್ತು ಆ ಡಾಕ್ಟರ ಕೈಗೆ ಒಗ್ಗಿದ ರೀತಿಯ ಮೇಲೆ ನಿಂತಿದೆ. ಅದರ ಬಗ್ಗೆ ಹಟ ಬೇಡ.

ಮೂಗಿನ ಏಣಿನ ಮೇಲೆ (ಹುಬ್ಬುಗಳ ನಡುವಿನಿಂದ ತುದಿಗೆ ಇಳಿಯುವ ದಿಣ್ಣೆಯ ಮೇಲೆ) ಉಬ್ಬು ಇದ್ದರೆ, ಅಂದರೆ ಗಿಣಿಮೂಗು ಅನ್ನುತ್ತೇವಲ್ಲ ಅದಕ್ಕೆ, ಮೂಳೆಯನ್ನು ಅರದಿಂದ ಉಜ್ಜಿ ಇಳಿಸುತ್ತಾರೆ, ಮೆದುಮೂಳೆಯನ್ನು ಕತ್ತರಿಸುತ್ತಾರೆ. ಉಬ್ಬು ತೆಗೆದ ಮೇಲೆ ಏಣು ಚಪ್ಪಟೆಯಾಗಿ ಅಗಲ ಕಾಣುತ್ತದೆ. ಆಗ ಎರಡೂ ಬದಿಯ ಮೂಳೆಯನ್ನು ಅಳತೆಯಿಂದ ಮುರಿದು ಒಳಗೆ ಸರಿಸುತ್ತಾರೆ. ಕಣ್ಣಿನ ಸುತ್ತ ನೀಲಿಯಾಗಲು ಮುಖ್ಯ ಕಾರಣ ಈ ಹಂತ. ತುದಿ ದಪ್ಪ ಇದ್ದರೆ ಅಲ್ಲಿನ ಮೆದುಮೂಳೆಯನ್ನು ಸ್ವಲ್ಪವೇ ಕಡಿಮೆ ಮಾಡಿ, ಹೊಲಿಗೆ ಹಾಕಿ ಹತ್ತಿರ ತರುತ್ತಾರೆ. ಹೊಳ್ಳೆ ಅಗಲ ಇದ್ದರೆ ಬುಡದಲ್ಲಿ ಒಂದು ತುಣುಕು ತೆಗೆಯುತ್ತಾರೆ. ಚಪ್ಪಟೆ ಮೂಗನ್ನು ಎತ್ತರಿಸಲು ಮೆದುಮೂಳೆ ಬೇಕು. ಅದನ್ನು ಮೊದಲು ನಡುಗೋಡೆಯಿಂದ ತೆಗೆಯುತ್ತಾರೆ, ಸಾಲದಿದ್ದರೆ ಕಿವಿಯಿಂದ, ಇನ್ನೂ ಬೇಕಾದರೆ ಪಕ್ಕೆಲುಬಿನಿಂದ. ಸಿಲಿಕೋನ್ ತುಂಡು ಹಾಕುವುದೂ ಉಂಟು. ಅದು ಸುಲಭ, ಬೇಗ ಮುಗಿಯುತ್ತದೆ. ಆದರೆ ಸೋಂಕು ತಗಲುವ, ಜರುಗುವ, ವರ್ಷಗಳ ನಂತರ ಚರ್ಮವನ್ನು ತೂತು ಮಾಡಿ ಹೊರಬರುವ ಅಪಾಯ ಅದಕ್ಕಿದೆ. ನನ್ನ ಮಟ್ಟಿಗೆ, ನಮ್ಮದೇ ದೇಹದ ಮೆದುಮೂಳೆ ಸಿಗುವ ಹಾಗಿದ್ದರೆ ಅದೇ ವಾಸಿ.

ಈ ಎಲ್ಲ ಕೆಲಸದಲ್ಲಿ ಮರೆಯಬಾರದ್ದು ಉಸಿರು. ಹೊಳ್ಳೆಯಿಂದ ಸ್ವಲ್ಪ ಒಳಗೆ, ನಡುಭಾಗದ ಮೆದುಮೂಳೆ ನಡುಗೋಡೆಯನ್ನು ಕೂಡುವ ಕಡೆ, ಗಾಳಿಯ ದಾರಿ ತುಂಬ ಕಿರಿದಾಗಿರುತ್ತದೆ. ಅಲ್ಲಿ ಜಾಸ್ತಿ ಕತ್ತರಿಸಿದರೆ ಮೂಗು ನೋಡಲು ಚೂಪಾಗುತ್ತದೆ, ಆದರೆ ಜೋರಾಗಿ ಉಸಿರೆಳೆದಾಗ ಗೋಡೆಗಳು ಒಳಗೆ ಕುಸಿಯುತ್ತವೆ. ಹಿಂದಿನ ದಶಕಗಳಲ್ಲಿ ಧಾರಾಳವಾಗಿ ಕತ್ತರಿಸುತ್ತಿದ್ದರು. ಈಗಿನ ಒಲವು ಆದಷ್ಟು ಉಳಿಸುವ ಕಡೆಗಿದೆ. ನಡುಗೋಡೆ ಸೊಟ್ಟ ಇದ್ದು ಉಸಿರಾಟಕ್ಕೆ ತೊಂದರೆ ಇದ್ದರೆ ಅದನ್ನೂ ಇದೇ ಆಪರೇಶನ್‌ನಲ್ಲಿ ಸರಿಪಡಿಸಬಹುದು. ಹಾಗಾಗಿ ಮೂಗು ಕಟ್ಟುವುದು, ಗೊರಕೆ, ಅಲರ್ಜಿ, ಹಿಂದೆ ಬಿದ್ದು ಪೆಟ್ಟಾದದ್ದು ಎಲ್ಲವನ್ನೂ ಮೊದಲ ಭೇಟಿಯಲ್ಲೇ ಹೇಳಿಬಿಡಿ.

ರಕ್ತದ ಹರಿವು ಮತ್ತು ಸಿಗರೇಟು

ಹೊಸ ಮೂಗು ಕಟ್ಟುವ ವಿದ್ಯೆ ನಮ್ಮ ದೇಶದಲ್ಲಿ ಬಹಳ ಹಳೆಯದು. ಸುಶ್ರುತ ಸಂಹಿತೆಯಲ್ಲಿ ಕತ್ತರಿಸಿಹೋದ ಮೂಗಿಗೆ ಕೆನ್ನೆಯ ಚರ್ಮ ಬಳಸಿ ಹೊಸ ಮೂಗು ಕಟ್ಟುವ ವಿವರವಿದೆ. ಮುಂದೆ ಹಣೆಯ ಚರ್ಮದಿಂದ ಕಟ್ಟುವ ವಿಧಾನ ಬಂತು. ಅದು ಯೂರೋಪಿಗೆ ಗೊತ್ತಾದ ಕಥೆಗೆ ನಮ್ಮ ಮೈಸೂರಿನ ನಂಟಿದೆ. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠ 1792ರಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಸುಮಾರು ಒಂದು ವರ್ಷ ಮೂಗಿಲ್ಲದೆ ಇದ್ದ ಅವನಿಗೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬಾತ ಹೊಸ ಮೂಗು ಕಟ್ಟಿದ. ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು, ಅಷ್ಟೇ ಅಳತೆಯ ಚರ್ಮವನ್ನು ಬಿಡಿಸಿದ. ಪೂರ್ತಿ ಕತ್ತರಿಸಲಿಲ್ಲ. ಹುಬ್ಬುಗಳ ನಡುವೆ ಒಂದು ಎಳೆ ಅಂಟಿಕೊಂಡೇ ಇರಲು ಬಿಟ್ಟು, ಚರ್ಮವನ್ನು ತಿರುಚಿ ಕೆಳಗೆ ತಂದು ಮೂಗಿನ ಜಾಗದಲ್ಲಿ ಕೂರಿಸಿದ. ಈ ಸುದ್ದಿ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಝಿನ್‌ನಲ್ಲಿ ಚಿತ್ರದ ಸಮೇತ ಅಚ್ಚಾಯಿತು. ಇದೇ ವಿಧಾನದಲ್ಲಿ ಜೋಸೆಫ್ ಕಾರ್ಪ್ಯೂ ಎಂಬ ಸರ್ಜನ್ 1814ರಲ್ಲಿ ಲಂಡನ್ನಿನಲ್ಲಿ ಆಪರೇಶನ್ ಮಾಡಿದ. ಕ್ಯಾನ್ಸರ್‌ನಿಂದ ಮೂಗು ಕಳೆದುಕೊಂಡವರಿಗೆ ಹಣೆಯ ಚರ್ಮದ ಈ ಉಪಾಯ ಇವತ್ತಿಗೂ ಬಳಕೆಯಲ್ಲಿದೆ.

ಆ ಎಳೆಯನ್ನು ಯಾಕೆ ಬಿಟ್ಟ? ಅದರ ಮೂಲಕ ರಕ್ತ ಹರಿಯಲಿ ಎಂದು. ರಕ್ತ ಸಿಗದ ಚರ್ಮ ಕಪ್ಪಾಗಿ ಸತ್ತುಹೋಗುತ್ತದೆ. ಅಂದಕ್ಕೆ ಮಾಡಿಸುವ ಇವತ್ತಿನ ಆಪರೇಶನ್‌ಗೂ ಇದೇ ನಿಯಮ. ಚರ್ಮವನ್ನು ಚೌಕಟ್ಟಿನಿಂದ ಬಿಡಿಸಿದ ಮೇಲೆ ಅದು ಬದುಕುವುದು ಸಣ್ಣ ಸಣ್ಣ ರಕ್ತನಾಳಗಳ ಮೇಲೆ. ಸಿಗರೇಟಿನ ನಿಕೋಟಿನ್ ಆ ನಾಳಗಳನ್ನೇ ಬಿಗಿಯುತ್ತದೆ. ಅದಕ್ಕೇ ಆಪರೇಶನ್‌ಗೆ ಕಡಿಮೆಯೆಂದರೆ 4 ವಾರ ಮೊದಲು, ನಂತರವೂ ಅಷ್ಟೇ ಕಾಲ ಸಿಗರೇಟು, ಬೀಡಿ, ವೇಪ್, ತಂಬಾಕು ಎಲ್ಲ ನಿಲ್ಲಿಸಲು ಹೇಳುವುದು. ಡಾಕ್ಟರ ಮುಂದೆ ಸುಳ್ಳು ಹೇಳಿ ಮರೆಯಲ್ಲಿ ಸೇದಿದರೆ ಕೆಡುವುದು ನಿಮ್ಮ ಮೂಗೇ.

ಬೇಕೋ ಬೇಡವೋ

ಮೊದಲು ಫೋನ್ ಕೆಳಗಿಡಿ. ಸೆಲ್ಫಿಯಲ್ಲಿ ಕ್ಯಾಮೆರಾ ಮುಖಕ್ಕೆ ತೀರ ಹತ್ತಿರ ಇರುವುದರಿಂದ ಮುಂದೆ ಚಾಚಿದ ಮೂಗು ದೊಡ್ಡದಾಗಿ ಕಾಣುತ್ತದೆ. 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿದಂತೆ, 12 ಇಂಚು ದೂರದಿಂದ ತೆಗೆದ ಫೋಟೊದಲ್ಲಿ ಮೂಗು 5 ಅಡಿ ದೂರದ ಫೋಟೊದಲ್ಲಿ ಇರುವುದಕ್ಕಿಂತ ಸುಮಾರು ಶೇ 30ರಷ್ಟು ಅಗಲ ಕಾಣುತ್ತದೆ. ಜನ ನಿಮ್ಮನ್ನು ನೋಡುವುದು 12 ಇಂಚು ದೂರದಿಂದ ಅಲ್ಲ, ಅಲ್ವಾ? ಬೇರೆಯವರ ಕೈಲಿ ದೂರದಿಂದ ಫೋಟೊ ತೆಗೆಸಿ ನೋಡಿ, ಆಮೇಲೆ ಯೋಚಿಸಿ.

ವಯಸ್ಸೂ ಮುಖ್ಯ. ಮೂಗಿನ ಬೆಳವಣಿಗೆ ನಿಲ್ಲುವುದು ಹುಡುಗಿಯರಲ್ಲಿ ಸುಮಾರು 15-16ಕ್ಕೆ, ಹುಡುಗರಲ್ಲಿ ಇನ್ನೂ ಒಂದೆರಡು ವರ್ಷ ತಡ. ಅದಕ್ಕೂ ಮೊದಲು ಬರೀ ಅಂದಕ್ಕಾಗಿ ಕೈ ಹಾಕುವುದಿಲ್ಲ. ಒಪ್ಪಿಗೆ ಪತ್ರಕ್ಕೆ ತಾವೇ ಸಹಿ ಹಾಕಲು 18 ತುಂಬಿರಬೇಕು. ಅಷ್ಟಕ್ಕೇ ಆಯಿತೇ? "ಮದುವೆಗೆ ಮುಂಚೆ ಮಾಡಿಸಿಬಿಡೋಣ" ಎಂದು ಮನೆಯವರು ಎಳೆದುಕೊಂಡು ಬರುವ ಪ್ರಸಂಗಗಳೂ ಇವೆ. ಮೂಗು ಯಾರದೋ ಅವರಿಗೇ ಬೇಕೆನ್ನಿಸಿರಬೇಕು. ಮದುವೆಗೆ ಎರಡು ತಿಂಗಳು ಇಟ್ಟುಕೊಂಡು ಮಾಡಿಸಿದರೆ ಫೋಟೊಗಳಲ್ಲಿ ಉಳಿಯುವುದು ಊತದ ಮೂಗೇ.

ಇನ್ನೊಂದು ಗುಂಪಿದೆ. ಬೇರೆ ಯಾರಿಗೂ ಕಾಣದ ಅಥವಾ ಕಂಡೂ ಕಾಣದಂಥ ಕೊರತೆಯನ್ನು ದಿನಕ್ಕೆ ಗಂಟೆಗಟ್ಟಲೆ ಕನ್ನಡಿಯಲ್ಲಿ ನೋಡುತ್ತಾರೆ. ಅದೇ ಚಿಂತೆಯಲ್ಲಿ ಕಾಲೇಜು, ಕೆಲಸ, ನೆಂಟರ ಮನೆ ಎಲ್ಲ ತಪ್ಪಿಸುತ್ತಾರೆ. ಇದು ಬಾಡಿ ಡಿಸ್‌ಮಾರ್ಫಿಕ್ ಡಿಸಾರ್ಡರ್ ಎಂಬ ಮನಸ್ಸಿನ ಕಾಯಿಲೆ ಇರಬಹುದು. ಇವರಿಗೆ ಆಪರೇಶನ್‌ನಿಂದ ಸಮಾಧಾನ ಸಿಗುವುದು ತೀರ ಕಡಿಮೆ. ಚಿಂತೆ ಮೂಗಿನಿಂದ ಗಲ್ಲಕ್ಕೋ ತುಟಿಗೋ ಜಿಗಿಯುತ್ತದೆ. ಇದಕ್ಕೆ ಮನೋವೈದ್ಯರ ಹತ್ತಿರ ಒಳ್ಳೆಯ ಚಿಕಿತ್ಸೆ ಇದೆ. ಅಂಥವರನ್ನು ಗುರುತಿಸಿ ಬೇಡ ಎನ್ನುವ ಸರ್ಜನ್ ಸಿಕ್ಕರೆ ಅದೃಷ್ಟ.

ಆ ದಿನ, ಆಮೇಲಿನ ವಾರಗಳು

ಹೆಚ್ಚಿನವರಿಗೆ ಪೂರ್ತಿ ಎಚ್ಚರ ತಪ್ಪುವಂತೆ ಅರಿವಳಿಕೆ ಕೊಟ್ಟೇ ಮಾಡುತ್ತಾರೆ. ಎರಡು ಮೂರು ಗಂಟೆಯ ಕೆಲಸ, ಪಕ್ಕೆಲುಬಿನ ಮೆದುಮೂಳೆ ತೆಗೆಯುವುದಿದ್ದರೆ ಇನ್ನೂ ಜಾಸ್ತಿ. ಮೊದಲೇ ರಕ್ತ ಪರೀಕ್ಷೆ ಇತ್ಯಾದಿ ಆಗಿರುತ್ತದೆ. ಹಿಂದಿನ ರಾತ್ರಿಯ ನಂತರ ಊಟವಿಲ್ಲ. ಮೂಗುತಿ, ಓಲೆ ಎಲ್ಲ ತೆಗೆಯಬೇಕು. ಆಸ್ಪಿರಿನ್, ಕೆಲವು ನೋವಿನ ಮಾತ್ರೆ, ಮೀನೆಣ್ಣೆ, ಬೆಳ್ಳುಳ್ಳಿ ಗುಳಿಗೆಯಂಥವು ರಕ್ತಸ್ರಾವ ಹೆಚ್ಚಿಸಬಹುದು. ಆಯುರ್ವೇದದ್ದು ಅಂತ ಬಿಡದೆ, ನುಂಗುವುದನ್ನೆಲ್ಲ ಹೇಳಿ. ಆದರೆ ಹೃದಯಕ್ಕೆಂದು ಕೊಟ್ಟ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಎಚ್ಚರವಾದಾಗ ಮೂಗಿನ ಮೇಲೆ ಗಟ್ಟಿ ಪಟ್ಟಿ (ಸ್ಪ್ಲಿಂಟ್) ಇರುತ್ತದೆ. ಒಳಗೂ ಏನಾದರೂ ಇಟ್ಟಿರಬಹುದು. ನೋವು ಜನ ಅಂದುಕೊಂಡಷ್ಟು ಇರುವುದಿಲ್ಲ, ಸಾಮಾನ್ಯ ಮಾತ್ರೆಗೆ ಬಗ್ಗುತ್ತದೆ. ನಿಜವಾಗಿ ಕಾಡುವುದು ಮೂಗು ಕಟ್ಟಿರುವುದು. ಬಾಯಿಯಲ್ಲಿ ಉಸಿರಾಡಿ ಗಂಟಲು ಒಣಗುತ್ತದೆ, ರಾತ್ರಿ ನಿದ್ದೆ ಹತ್ತುವುದಿಲ್ಲ, ಊಟ ರುಚಿಸುವುದಿಲ್ಲ. ಮೊದಲ ಎರಡು ಮೂರು ದಿನ ಊತ ಏರುತ್ತದೆ, ಕಣ್ಣು ತೆರೆಯಲೂ ಭಾರ. ಆಮೇಲೆ ಇಳಿಯತೊಡಗುತ್ತದೆ. ತಲೆಯ ಕೆಳಗೆ ಎರಡು ಮೂರು ದಿಂಬಿಟ್ಟು ಮಲಗಬೇಕು. ಜೋರಾಗಿ ಸಿಂಬಳ ತೆಗೆಯುವ ಹಾಗಿಲ್ಲ, ಸೀನು ಬಂದರೆ ಬಾಯಿ ತೆರೆದೇ ಬಿಡಬೇಕು. ಮಲಬದ್ಧತೆಯಾಗಿ ತಿಣುಕಿದರೂ ರಕ್ತ ಬರಬಹುದು, ಹಾಗಾಗಿ ನೀರು, ಹಣ್ಣು ಚೆನ್ನಾಗಿ ತೆಗೆದುಕೊಳ್ಳಿ.

ಕುಳಿತು ಮಾಡುವ ಕೆಲಸವಾದರೆ ಹತ್ತು ದಿನ, ಎರಡು ವಾರದಲ್ಲಿ ಹೊರಡಬಹುದು. ಓಟ, ಜಿಮ್, ಭಾರ ಎತ್ತುವುದು ಸುಮಾರು ಒಂದು ತಿಂಗಳು ಬೇಡ. ಕಬಡ್ಡಿ, ಫುಟ್‌ಬಾಲ್‌ನಂಥ ಮೈಗೆ ಮೈ ತಾಗುವ ಆಟಗಳಿಗೆ ತಿಂಗಳುಗಳೇ ಬೇಕು. ಕನ್ನಡಕದ ಭಾರ ಏಣಿನ ಮೇಲೆ ಬೀಳಬಾರದು, 4ರಿಂದ 6 ವಾರ. ಸೋಡಾಬುಡ್ಡಿ ಕನ್ನಡಕದವರು ಇದನ್ನು ಮೊದಲೇ ಯೋಚಿಸಿಕೊಳ್ಳಬೇಕು, ಹಣೆಗೆ ಟೇಪ್ ಅಂಟಿಸಿ ನೇತುಹಾಕುವುದೋ ಕಾಂಟ್ಯಾಕ್ಟ್ ಲೆನ್ಸೋ. ಬಿಸಿಲಿಗೆ ಹೋದರೆ ಸನ್‌ಸ್ಕ್ರೀನ್ ಬೇಕೇ ಬೇಕು, ಇಲ್ಲದಿದ್ದರೆ ಕಲೆ ಕಪ್ಪಾಗಿ ನಿಲ್ಲುತ್ತದೆ. ಮೂಗುತಿ ಮತ್ತೆ ಹಾಕುವುದನ್ನು ಡಾಕ್ಟರು ಹೇಳುವವರೆಗೆ ತಡೆಯಿರಿ.

ತುದಿ ಮರಗಟ್ಟಿದಂತೆ ಇರುತ್ತದೆ. ಮೇಲ್ದುಟಿ ಬಿಗಿದಂತಾಗಿ ನಗು ತನ್ನದಲ್ಲ ಅನ್ನಿಸುತ್ತದೆ. ಇವೆಲ್ಲ ವಾರಗಳಲ್ಲಿ, ತಿಂಗಳುಗಳಲ್ಲಿ ಸರಿಹೋಗುತ್ತವೆ. ಮೂರನೇ ತಿಂಗಳಿಗೆ ಮುಖ ಒಂದು ಹದಕ್ಕೆ ಬರುತ್ತದೆ, ಊತದ ಬಹುಪಾಲು ಹೋಗಿರುತ್ತದೆ. ಎಲ್ಲಕ್ಕಿಂತ ಕೊನೆಗೆ ಇಳಿಯುವುದು ತುದಿ. ಬೆಳಿಗ್ಗೆ ದಪ್ಪ, ಸಂಜೆಗೆ ಸಣ್ಣ, ಉಪ್ಪು ಜಾಸ್ತಿ ತಿಂದ ಮರುದಿನ ಮತ್ತೆ ದಪ್ಪ. ಹೀಗೆ ಏರಿಳಿಯುತ್ತಲೇ ಇರುತ್ತದೆ. ದಿನಾ ಫೋಟೊ ತೆಗೆದು ಹೋಲಿಸುತ್ತ ಕೂತರೆ ತಲೆ ಕೆಡುತ್ತದೆ.

ಕೆಟ್ಟರೆ?

ಕೆಲವಕ್ಕೆ ಕಾಯಬಾರದು. ಬಗ್ಗಿ ಕುಳಿತು ಒತ್ತಿಹಿಡಿದರೂ ನಿಲ್ಲದ ರಕ್ತ, ಜ್ವರ, ಕೀವು, ಚರ್ಮ ಬಣ್ಣಗೆಡುವುದು. ಇನ್ನೊಂದು, ಮೂಗಿನ ಒಳಗೆ ನೋವೂ ಕಟ್ಟುವುದೂ ಒಮ್ಮೆಲೇ ಹೆಚ್ಚುವುದು. ನಡುಗೋಡೆಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಹೀಗಾಗುತ್ತದೆ. ಬೇಗ ತೆಗೆಯದಿದ್ದರೆ ಒಳಗಿನ ಮೆದುಮೂಳೆ ಸತ್ತು ಏಣು ಕುಸಿಯಬಹುದು. ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ.

ನಿಧಾನವಾಗಿ ಗೊತ್ತಾಗುವ ತೊಂದರೆಗಳೂ ಇವೆ. ಎರಡು ಬದಿ ಸರಿಸಮ ಇಲ್ಲದಿರುವುದು, ತುದಿಯ ಮೇಲ್ಗಡೆ ಒಳಗೆ ಗಾಯದ ಗಂಟು ಬೆಳೆದು ಗಿಣಿಮೂಗಿನಂತಾಗುವುದು, ನಡುಗೋಡೆಯಲ್ಲಿ ತೂತು, ಉಸಿರಾಟಕ್ಕೆ ತೊಂದರೆ. ಎರಡನೇ ಸಲ ಆಪರೇಶನ್ ಬೇಕಾಗುವವರು ಸಾಮಾನ್ಯವಾಗಿ ನೂರಕ್ಕೆ 5ರಿಂದ 15 ಜನ ಎನ್ನುತ್ತಾರೆ. ನುರಿತವರ ಕೈಯಲ್ಲೂ ಇದು ಸೊನ್ನೆಗೆ ಇಳಿಯುವುದಿಲ್ಲ. ಎರಡನೆಯದು ಮೊದಲಿನದಕ್ಕಿಂತ ಕಷ್ಟ. ಒಳಗೆ ಎಲ್ಲ ಅಂಟಿಕೊಂಡಿರುತ್ತದೆ, ನಡುಗೋಡೆಯ ಮೆದುಮೂಳೆ ಮುಗಿದಿರುತ್ತದೆ. ತುರ್ತು ಇಲ್ಲದಿದ್ದರೆ ಕಡಿಮೆಯೆಂದರೆ ಒಂದು ವರ್ಷ ಕಾಯಿಸುವುದು ಅದಕ್ಕೇ. ಊತ ಇಳಿಯುವ ಮೊದಲೇ ಮತ್ತೆ ಕತ್ತಿ ಹಿಡಿದರೆ ಯಾವುದನ್ನು ತಿದ್ದುತ್ತಿದ್ದೇವೆ ಎಂದೇ ತಿಳಿಯುವುದಿಲ್ಲ.

"ಆಪರೇಶನ್ ಇಲ್ಲದೆ ಹದಿನೈದು ನಿಮಿಷದಲ್ಲಿ ಹೊಸ ಮೂಗು" ಎಂಬ ಜಾಹೀರಾತು ಕಂಡಿರಬಹುದು. ಅದು ಫಿಲ್ಲರ್ ಸೂಜಿ. ಜೆಲ್ ತುಂಬಿ ಏಣಿನ ತಗ್ಗನ್ನು ಮುಚ್ಚುತ್ತಾರೆ. ತುಂಬಬಹುದೇ ಹೊರತು ಸಣ್ಣ ಮಾಡಲಾಗುವುದಿಲ್ಲ. ತಿಂಗಳುಗಳ ನಂತರ ಕರಗುತ್ತದೆ. ಜನ ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ, ಆದರೆ ಫಿಲ್ಲರ್‌ಗೆ ಮುಖದಲ್ಲಿ ತೀರ ಅಪಾಯದ ಜಾಗಗಳಲ್ಲಿ ಮೂಗು ಒಂದು. ಜೆಲ್ ತಪ್ಪಿ ರಕ್ತನಾಳಕ್ಕೆ ಹೋದರೆ ಚರ್ಮ ಸಾಯಬಹುದು, ಕಣ್ಣಿಗೆ ಹೋಗುವ ನಾಳ ಮುಚ್ಚಿದರೆ ದೃಷ್ಟಿಯೇ ಹೋಗಬಹುದು. ಬ್ಯೂಟಿ ಪಾರ್ಲರಿನಲ್ಲಿ ಮಾಡಿಸುವ ಕೆಲಸ ಇದಲ್ಲವೇ ಅಲ್ಲ.

ಯಾರ ಹತ್ತಿರ, ಎಷ್ಟು ಖರ್ಚು

ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಪದವಿ ಮಾಡಿದವರು, ಇಲ್ಲವೇ ಎಂಎಸ್ ಆಗಿ ಮೂಗಿನ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದ ಇಎನ್‌ಟಿ ಸರ್ಜನ್. ಬೋರ್ಡಿನ ಮೇಲೆ ಬರೀ ಕಾಸ್ಮೆಟಾಲಜಿಸ್ಟ್ ಎಂದಿದ್ದರೆ ಅವರು ಏನು ಓದಿದ್ದಾರೆ ಎಂದು ಕೇಳಿ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಿರಲೇಬೇಕು. ಅರಿವಳಿಕೆ ಕೊಡುವ ತಜ್ಞರು ಆಪರೇಶನ್ ಉದ್ದಕ್ಕೂ ಇರುತ್ತಾರಾ, ತುರ್ತಾದರೆ ಐಸಿಯು ಎಲ್ಲಿದೆ ಎಂದು ಕೇಳಲು ಸಂಕೋಚ ಬೇಡ. ಆ ಡಾಕ್ಟರು ಮಾಡಿದ ಮೂಗುಗಳ ಫೋಟೊ ನೋಡುವಾಗ ಒಂದು ತಿಂಗಳಿನದ್ದಲ್ಲ, ಒಂದು ವರ್ಷದ ನಂತರದ್ದು ಕೇಳಿ. ನಿಮ್ಮಂಥದೇ ಚರ್ಮ, ನಿಮ್ಮಂಥದೇ ಮೂಗಿದ್ದವರದ್ದು. ಕಂಪ್ಯೂಟರಿನಲ್ಲಿ ನಿಮ್ಮ ಫೋಟೊ ತಿದ್ದಿ ತೋರಿಸುತ್ತಾರಲ್ಲ, ಅದು ಮಾತುಕತೆಗೆ ಮಾತ್ರ. ಅದು ಕರಾರು ಅಲ್ಲ.

ಬರೀ ಅಂದಕ್ಕೆ ಮಾಡಿಸಿದ್ದಕ್ಕೆ ಆರೋಗ್ಯ ವಿಮೆ ಸಾಮಾನ್ಯವಾಗಿ ಸಿಗುವುದಿಲ್ಲ, ಬಿಲ್ಲಿಗೆ ಜಿಎಸ್‌ಟಿಯೂ ಸೇರುತ್ತದೆ. ಹುಟ್ಟಿನಿಂದ ಬಂದ ದೋಷ ಅಥವಾ ಅಪಘಾತದ ಪೆಟ್ಟನ್ನು ಸರಿಪಡಿಸುವ ಆಪರೇಶನ್‌ಗೆ ಆ ತೆರಿಗೆ ಇಲ್ಲ. ಉಸಿರಾಟಕ್ಕೆಂದು ಮಾಡುವ ನಡುಗೋಡೆಯ ಭಾಗಕ್ಕೆ ವಿಮೆ ಸಿಗಬಹುದು, ಪಾಲಿಸಿ ಓದಿ ಮೊದಲೇ ವಿಚಾರಿಸಿ. ಹೇಳಿದ ಮೊತ್ತದಲ್ಲಿ ಅರಿವಳಿಕೆ, ಆಸ್ಪತ್ರೆ, ಔಷಧಿ, ನಂತರದ ಭೇಟಿಗಳು ಸೇರಿವೆಯಾ ಎಂದು ಬರೆಸಿಕೊಳ್ಳಿ. ಜೊತೆಗೆ, ಎರಡನೇ ಸಲ ತಿದ್ದಬೇಕಾಗಿ ಬಂದರೆ ಆ ಖರ್ಚು ಯಾರದ್ದು ಎನ್ನುವುದನ್ನೂ ಮುಂಗಡ ಕಟ್ಟುವ ಮೊದಲೇ ಕೇಳಿ.